ಒಂದು ಕನ್ನಡಕ, ಎರಡು ಕವಿತೆ

ಎರಡು ಸಮಕಾಲೀನ ಕವಿತೆಗಳನ್ನು ಹೋಲಿಸಿ ಎಂದರೆ ಹೆಚ್ಚಿನ ವಿದ್ಯಾರ್ಥಿಗಳು ಒಂದರ ಭಾವಾರ್ಥ ಬರೆದು, ಆಮೇಲೆ ಇನ್ನೊಂದರ ಭಾವಾರ್ಥ ಬರೆದು, ಕೊನೆಗೆ ‘ಎರಡೂ ಅಗಲಿಕೆಯ ನೋವನ್ನು ಹೇಳುತ್ತವೆ’ ಎಂದು ಮುಗಿಸುತ್ತಾರೆ. ಇಂಥ ಉತ್ತರಗಳನ್ನು ಬಹಳ ತಿದ್ದಿದ್ದೇನೆ. ವಸ್ತು ಒಂದೇ ಎನ್ನುವುದು ಹೋಲಿಕೆಗೆ ಬೇಕಾದ ನೆಲ, ಅಷ್ಟೆ. ಅದರ ಮೇಲೆ ನಿಂತು ಎರಡು ಕವಿತೆಗಳು ಎಲ್ಲಿ ಬೇರೆ ದಾರಿ ಹಿಡಿದವು ಎಂದು ಬೆರಳಿಟ್ಟು ತೋರಿಸಬೇಕು.

ತರಗತಿಗೆಂದು ನಾನೇ ಬರೆದುಕೊಂಡ ಎರಡು ಪುಟ್ಟ ಪದ್ಯಗಳಿವೆ. ಮೊದಲನೆಯದು:

ಅಪ್ಪನ ಕನ್ನಡಕ
ಮೇಜಿನ ಮೇಲೆ
ಇನ್ನೂ
ಓದುತ್ತಿದೆ

ಎರಡನೆಯದು:

ಅಪ್ಪನ ಕನ್ನಡಕ ಹಾಕಿಕೊಂಡು ನೋಡಿದೆ, ಮನೆಯೆಲ್ಲ
ಮಸುಕಾಯಿತು, ತೆಗೆದಿಟ್ಟೆ, ಮಸುಕು
ಹಾಗೇ ಉಳಿಯಿತು

ಮೊದಲು ಕ್ರಿಯಾಪದಗಳನ್ನು ನೋಡಿ ಎನ್ನುತ್ತೇನೆ. ಕನ್ನಡದಲ್ಲಿ ಯಾರು, ಯಾವಾಗ ಎಂಬ ಎರಡನ್ನೂ ಕ್ರಿಯಾಪದವೇ ಹೊತ್ತಿರುತ್ತದೆ. ಮೊದಲ ಪದ್ಯದಲ್ಲಿ ಇರುವುದು ಒಂದೇ ಕ್ರಿಯಾಪದ, ಅದೂ ವರ್ತಮಾನದ್ದು: ‘ಓದುತ್ತಿದೆ’. ನಪುಂಸಕಲಿಂಗದ ಪ್ರತ್ಯಯ ಅದನ್ನು ಕನ್ನಡಕಕ್ಕೆ ಕಟ್ಟಿಹಾಕಿದೆ. ಓದುತ್ತಿದ್ದ ಮನುಷ್ಯನಿಗೆ ಈ ವಾಕ್ಯದಲ್ಲಿ ಉಳಿದಿರುವುದು ‘ಅಪ್ಪನ’ ಎಂಬ ಷಷ್ಠೀ ವಿಭಕ್ತಿ ಮಾತ್ರ. ನೋಡುತ್ತಿರುವ ಮಗನೋ ಮಗಳೋ ಎಲ್ಲಿಯೂ ಇಲ್ಲ. ಎರಡನೆಯದರಲ್ಲಿ ನಾಲ್ಕು ಪೂರ್ಣಕ್ರಿಯೆಗಳಿವೆ (ವಾಕ್ಯವನ್ನು ಮುಗಿಸಬಲ್ಲ ಕ್ರಿಯಾಪದಗಳು), ನಾಲ್ಕೂ ಭೂತಕಾಲ. ‘ನಾನು’ ಎಂಬ ಪದ ಇಲ್ಲದಿದ್ದರೂ ‘ನೋಡಿದೆ’, ‘ತೆಗೆದಿಟ್ಟೆ’ಗಳೊಳಗೆ ನಾನು ಇದ್ದೇನೆ. ಒಂದು ಪದ್ಯ ಕಾಲವನ್ನು ನಿಲ್ಲಿಸಿಕೊಂಡಿದೆ, ಇನ್ನೊಂದು ನಡೆದುಹೋದದ್ದನ್ನು ಒಪ್ಪಿಕೊಂಡಿದೆ. ‘ಮೊದಲ ಪದ್ಯದಲ್ಲಿ ಜಡವಸ್ತುವಿಗೆ ಜೀವ ಬಂದಿದೆ’ ಎಂದು ಅಲಂಕಾರದ ಹೆಸರು ಹೇಳಿ ಮುಂದೆ ಹೋಗುವವರಿಗೆ ಇದು ಕಾಣುವುದಿಲ್ಲ.

ರೂಪದ ವಿಷಯಕ್ಕೆ ಬಂದರೆ, ‘ಮುಕ್ತಛಂದಸ್ಸು, ಆದ್ದರಿಂದ ನಿಯಮವಿಲ್ಲ’ ಎಂಬ ವಾಕ್ಯ ನನಗೆ ಬೇಸರ ತರಿಸುತ್ತದೆ. ಆರು ಸಾಲಿನ ಹಳೆಯ ಛಂದಸ್ಸಾದ ಭಾಮಿನಿ ಷಟ್ಪದಿಯಲ್ಲಿ 1, 2, 4, 5ನೆಯ ಸಾಲುಗಳಿಗೆ 14 ಮಾತ್ರೆ (ಒಂದು ಮಾತ್ರೆ ಎಂದರೆ ಒಂದು ಹ್ರಸ್ವಾಕ್ಷರ ಹೇಳುವಷ್ಟು ಹೊತ್ತು), 3 ಮತ್ತು 6ಕ್ಕೆ 23 ಎಂದು ಮೊದಲೇ ಗೊತ್ತಾಗಿರುತ್ತದೆ. ಇಂದಿನ ಕವಿ ಪ್ರತಿ ಸಾಲಿನ ಉದ್ದವನ್ನೂ ತಾನೇ ನಿರ್ಧರಿಸಬೇಕು. ಹಾಗಾಗಿ ಎಣಿಸಿ ನೋಡುವ ಕೆಲಸ ತಪ್ಪಿದ್ದಲ್ಲ. ಮೊದಲ ಪದ್ಯದ ಮಾತ್ರೆಗಳು 9, 7, 4, 6. ಸಾಲು ಕುಗ್ಗುತ್ತ ಬಂದು ‘ಇನ್ನೂ’ ಎಂಬಲ್ಲಿ ಒಂಟಿಯಾಗುತ್ತದೆ. ಅದರ ಎರಡು ಅಕ್ಷರಗಳೂ ಗುರು, ಅಂದರೆ ಎರಡೆರಡು ಮಾತ್ರೆ ಹಿಡಿಯುವಂಥವು, ಅವಸರದಲ್ಲಿ ದಾಟಲು ಬಿಡುವುದಿಲ್ಲ. ಎರಡನೆಯದರಲ್ಲಿ ‘ಮನೆಯೆಲ್ಲ’ ಎಂಬಲ್ಲಿ ಸಾಲು ಮುರಿದಿದೆ, ವಾಕ್ಯ ಮುಗಿದಿಲ್ಲ. ಮನೆಗೆ ಏನಾಯಿತು ಎಂದು ಕಣ್ಣು ಕೆಳಗಿಳಿಯಲೇಬೇಕು. ಇಲ್ಲೊಂದು ಎಚ್ಚರಿಕೆ: ಚಿಕ್ಕ ಸಾಲು ಎಂದರೆ ದುಃಖ, ಉದ್ದ ಸಾಲು ಎಂದರೆ ಆವೇಗ ಎಂಬ ಸೂತ್ರ ಯಾವುದೂ ಇಲ್ಲ. ಚಿಕ್ಕ ಸಾಲು ನಗೆಚಾಟಿಕೆಗೂ ಒದಗುತ್ತದೆ.

ಬಂಧ ಎಂದರೆ ಯಾವುದು ಮೊದಲು, ಯಾವುದು ಆಮೇಲೆ, ತಿರುವು ಎಲ್ಲಿ ಎಂಬುದು. ವಿದ್ಯಾರ್ಥಿಗಳು ಅತಿ ಕಡಿಮೆ ಬರೆಯುವುದು ಇದರ ಬಗ್ಗೆಯೇ. ನನಗೆ ಇದೇ ಕವಿತೆಯ ಬೆನ್ನುಮೂಳೆ. ಮೊದಲ ಪದ್ಯ ಕೊನೆಯ ಪದದವರೆಗೂ ಮೇಜಿನ ಮೇಲಿನ ಒಂದು ವಸ್ತುವಿನ ವರ್ಣನೆ. ‘ಇನ್ನೂ’ ಆದಮೇಲೆ ‘ಇದೆ’ ಎಂದೋ ‘ಬಿದ್ದಿದೆ’ ಎಂದೋ ಬರುತ್ತದೆ ಎಂದುಕೊಂಡಿರುತ್ತೇವೆ. ‘ಓದುತ್ತಿದೆ’ ಎಂದು ಬಂದಾಗ ಹಿಂದಿನ ಮೂರು ಸಾಲುಗಳನ್ನು ಮತ್ತೆ ಓದಬೇಕಾಗುತ್ತದೆ. ಕ್ರಿಯಾಪದ ಕೊನೆಗೆ ಬರುವ ನಮ್ಮ ವಾಕ್ಯದ ನಡೆಯೇ ಈ ತಿರುವನ್ನು ಬಚ್ಚಿಟ್ಟುಕೊಂಡಿತ್ತು. ಎರಡನೆಯದರಲ್ಲಿ ‘ಮಸುಕಾಯಿತು’ ಎನ್ನುವುದು ಬರೀ ಲೋಕಸತ್ಯ, ಬೇರೆಯವರ ಪವರ್ ಕನ್ನಡಕ ಹಾಕಿದರೆ ಯಾರಿಗಾದರೂ ಹಾಗೇ. ತಿರುವು ಇರುವುದು ‘ತೆಗೆದಿಟ್ಟೆ’ಯ ನಂತರ. ಆಗ ‘ಮಸುಕಾಯಿತು’ ಎಂಬ ಕ್ರಿಯೆ ‘ಮಸುಕು’ ಎಂಬ ನಾಮಪದವಾಗಿ ಗಟ್ಟಿಗೊಳ್ಳುತ್ತದೆ, ಅದೇ ಕರ್ತೃವಾಗುತ್ತದೆ. ಕಣ್ಣೀರು ಎಂಬ ಪದ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ಇಷ್ಟು ಹೇಳುವಾಗ ಭಾಷೆ, ರೂಪ, ಬಂಧ ಒಂದರೊಳಗೊಂದು ಸೇರಿಹೋದದ್ದನ್ನು ಗಮನಿಸಿರಬಹುದು. ಮೂರು ಉಪಶೀರ್ಷಿಕೆ ಹಾಕಿ ಬರೆದ ಉತ್ತರಗಳಲ್ಲಿ ಈ ಬೆಸುಗೆ ತಪ್ಪಿಹೋಗುತ್ತದೆ. ಅನುಮಾನ ಬಂದಾಗ ನಾನು ಹೇಳುವ ಅಭ್ಯಾಸ ಸರಳ: ಎರಡೂ ಪದ್ಯಗಳನ್ನು ಗದ್ಯದಂತೆ ಒಂದೇ ಸಾಲಿನಲ್ಲಿ ಬರೆದು ಗಟ್ಟಿಯಾಗಿ ಓದಿ. ಮೊದಲನೆಯದರಲ್ಲಿ ‘ಇನ್ನೂ’ ತನ್ನ ಭಾರ ಕಳೆದುಕೊಳ್ಳುತ್ತದೆ. ಎರಡನೆಯದು ಗದ್ಯವಾದರೂ ಅಷ್ಟಾಗಿ ಸೊರಗುವುದಿಲ್ಲ. ಅದರಿಂದ ‘ತೆಗೆದಿಟ್ಟೆ’ಯನ್ನು ತೆಗೆದು ಓದಿದರೆ ಮಾತ್ರ ಏನೂ ಉಳಿಯುವುದಿಲ್ಲ.