ಕಂಪ್ಯೂಟರ್ ಕೊಟ್ಟ ಅಂಕ ಮದ್ದಲ್ಲ

ಪ್ರಶ್ನೆ: ಅರಸಿನದ ಕರ್ಕ್ಯುಮಿನ್ ಕೊರೊನಾ ವೈರಸ್ಸಿನ ಪ್ರೋಟೀನಿಗೆ ಅಂಟುತ್ತದೆಂದು ಕಂಪ್ಯೂಟರಿನಲ್ಲಿ ಸಾಬೀತಾಗಿದೆಯಲ್ಲ, ಮತ್ತೆ ಪ್ರಯೋಗಾಲಯ ಏಕೆ ಬೇಕು?

ಉತ್ತರ: ಮಂಜೇಶ್ವರದಲ್ಲಿ ಮಾತನಾಡಿದರೂ ಬದಿಯಡ್ಕದಲ್ಲಿ ಮಾತನಾಡಿದರೂ ಈ ಪ್ರಶ್ನೆ ತಪ್ಪುವುದಿಲ್ಲ. ಹೇಳಿ ಹೇಳಿ ಸಾಕಾಗಿರುವುದರಿಂದ ಈ ಸಲ ಬರೆದೇ ಇಡುತ್ತೇನೆ. ಕಂಪ್ಯೂಟರಿನಲ್ಲಿ ಏನೂ ಸಾಬೀತಾಗಿಲ್ಲ.

ಡಾಕಿಂಗ್ ಎಂಬ ಲೆಕ್ಕಾಚಾರವು ಪ್ರೋಟೀನಿನ ಕುಳಿಯಲ್ಲಿ ಅಣುವನ್ನು ನಾನಾ ಭಂಗಿಗಳಲ್ಲಿ ಕೂರಿಸಿ, ಎಷ್ಟು ಬಿಗಿಯಾಗಿ ಅಂಟೀತೆಂದು ಪ್ರತಿಯೊಂದಕ್ಕೂ ಅಂಕ ಕೊಡುತ್ತದೆ. ಸಾಮಾನ್ಯವಾಗಿ ಅದು ಪ್ರೋಟೀನನ್ನು ಅಲುಗದ ವಸ್ತುವೆಂದು ಎಣಿಸುತ್ತದೆ. ಜೀವಕೋಶದಲ್ಲಾದರೋ ಪ್ರೋಟೀನು ಸದಾ ಮಿಸುಕುತ್ತಿರುತ್ತದೆ, ಕುಳಿಯಲ್ಲಿರುವ ನೀರಿನ ಅಣುಗಳು ಜಾಗ ಬಿಡಬೇಕಾಗುತ್ತದೆ. ಅಂಟುವ ಶಕ್ತಿಯ ಲೆಕ್ಕ ಮೋಲಿಗೆ (ಅಣುಗಳನ್ನು ಎಣಿಸುವ ಅಳತೆಗೆ) 1.4 ಕಿಲೋಕ್ಯಾಲೊರಿಯಷ್ಟು ತಪ್ಪಿದರೆ ಅಂಟುವ ಬಲದ ಅಂದಾಜು ಹತ್ತು ಪಟ್ಟು ತಪ್ಪುತ್ತದೆ, ಡಾಕಿಂಗಿನಲ್ಲಿ ಅಷ್ಟು ತಪ್ಪು ತೀರ ಸಾಮಾನ್ಯ. ಕರ್ಕ್ಯುಮಿನ್ ಅನ್ನೇ ನೋಡಿ. ನಮ್ಮ ರಕ್ತದಂತೆ ಪಿಎಚ್ 7.4 ಇರುವ ಸರಳ ದ್ರಾವಣದಲ್ಲಿ ಅದು ನಿಮಿಷಗಳಲ್ಲೇ ಒಡೆಯತೊಡಗುತ್ತದೆ, ತಾನೇ ಹೊಳೆದು ಬೆಳಕಿನಿಂದ ಅಳೆಯುವ ಪರೀಕ್ಷೆಗಳನ್ನು ಕೆಡಿಸುತ್ತದೆ, ನುಂಗಿದರೆ ರಕ್ತಕ್ಕೆ ಸೇರುವುದು ಅತ್ಯಲ್ಪ. ಇವುಗಳಲ್ಲಿ ಒಂದನ್ನೂ ಆ ಅಂಕ ತಿಳಿಸುವುದಿಲ್ಲ. ಪ್ರೋಟೀನಿನ ಆಕಾರವನ್ನು ಊಹಿಸುವ ಆಲ್ಫಾಫೋಲ್ಡ್ ತಂತ್ರಾಂಶ ರೂಪಿಸಿದವರಿಗೆ 2024ರಲ್ಲಿ ನೊಬೆಲ್ ಬಂದ ಮೇಲೆ ಈ ಭ್ರಮೆ ಇನ್ನಷ್ಟು ಬಲಿತಿದೆ; ಆದರೆ ಆ ತಂತ್ರಾಂಶ ಕಲಿತದ್ದೇ 1971ರಿಂದ ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ಪ್ರಯೋಗಾಲಯಗಳು ಕೂಡಿಟ್ಟ ರಚನೆಗಳಿಂದ.

ಲೆಕ್ಕ ವ್ಯರ್ಥವೆಂದಲ್ಲ. ಕೋಟಿಗಟ್ಟಲೆ ಅಣುಗಳಿಂದ ಪರೀಕ್ಷಿಸಲು ಯೋಗ್ಯವಾದ ಕೆಲವನ್ನು ಅದು ಆರಿಸಿಕೊಡುತ್ತದೆ. ಅವನ್ನು ತಯಾರಿಸಿ, ಅಳೆದು, ಅಂಟಿದವನ್ನು ಪ್ರೋಟೀನಿನೊಡನೆ ಹರಳುಗಟ್ಟಿಸಿ ಎಕ್ಸ್-ರೇಯಲ್ಲಿ ನೋಡಿ, ಕಂಡದ್ದಕ್ಕೆ ತಕ್ಕಂತೆ ಲೆಕ್ಕ ತಿದ್ದಿ ಮುಂದಿನ ಅಣುವನ್ನು ರೂಪಿಸುತ್ತಾರೆ. ಏಡ್ಸ್ ತರುವ ಎಚ್‌ಐವಿ ವೈರಸ್ಸು ಬೆಳೆಯಲು ಬೇಕಾದ ಪ್ರೋಟಿಯೇಸ್ ಎಂಬ ಪ್ರೋಟೀನಿನ ರಚನೆ ತಿಳಿದದ್ದು 1989ರಲ್ಲಿ. ಅದನ್ನು ತಡೆಯುವ ಮೊದಲ ಮದ್ದಾದ ಸಕ್ವಿನಾವಿರ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1995ರಲ್ಲಿ. ಬಿಗಿಯಾಗಿ ಅಂಟುವ ಆ ಮದ್ದು ಕೂಡ ನುಂಗಿದಾಗ ಸುಮಾರು ಶೇ. 4ರಷ್ಟು ಮಾತ್ರ ರಕ್ತ ಸೇರುತ್ತಿತ್ತು.

ಅಣು ಬೇಡದ ಕಡೆ ಎಲ್ಲಿ ಅಂಟುತ್ತದೆ ಎಂದು ಯಾರೂ ನನ್ನನ್ನು ಕೇಳಿಲ್ಲ. ಕಾಸರಗೋಡಿನವರು ಕೇಳಲೇಬೇಕಾದ ಪ್ರಶ್ನೆ ಅದು. ಇಲ್ಲಿನ ಗೇರು ತೋಟದ ಟೀ ಸೊಳ್ಳೆ ಎಂಬ ರಸ ಹೀರುವ ಕೀಟಕ್ಕೆಂದು ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್, ಕೀಟದ ನರದಲ್ಲಿ ಉದ್ರೇಕವನ್ನು ತಣಿಸುವ ಗಾಬಾ ಗ್ರಾಹಕ ಪ್ರೋಟೀನಿನ ಕ್ಲೋರೈಡ್ ದಾರಿಯನ್ನು ಮುಚ್ಚುತ್ತದೆ. ಅದೇ ಕುಟುಂಬದ ಗ್ರಾಹಕ ನಮ್ಮ ಮಿದುಳಿನಲ್ಲೂ ಇದೆ, ಅಲ್ಲಿಯೂ ಅದು ಅಂಟುತ್ತದೆ; ಅದರ ತೀವ್ರ ವಿಷಬಾಧೆಯಲ್ಲಿ ಸೆಳವು ಬರುವುದು ಇದರಿಂದಲೇ. ನಾಯಿಗಳ ಉಣ್ಣಿಗೆ ಕೊಡುವ ಫ್ಲುರಾಲನರ್ ಕೂಡ ಗಾಬಾ ಗ್ರಾಹಕವನ್ನೇ ಹಿಡಿಯುತ್ತದೆ, ಆದರೆ ಬೇರೆ ಜಾಗದಲ್ಲಿ, ಮತ್ತು ಸಸ್ತನಿಗಳ ಗ್ರಾಹಕದ ಮೇಲೆ ಅದರ ಹಿಡಿತ ಬಹಳ ಸಡಿಲ. ಈ ವ್ಯತ್ಯಾಸವನ್ನು ಖಚಿತಪಡಿಸಿದ್ದು ಜೀವಕೋಶಗಳಲ್ಲಿ ಕ್ಲೋರೈಡಿನ ವಿದ್ಯುತ್ ಪ್ರವಾಹವನ್ನು ಅಳೆದ ಪ್ರಯೋಗಗಳು.