ಪಿ0171 ಬಂದ ತಕ್ಷಣ ಸೆನ್ಸರ್ ಬದಲಾಯಿಸ್ಬೇಡಿ: ಫಾಲ್ಟ್ ಕೋಡ್ ಓದೋಕೆ ನನ್ನ ಟಿಪ್ಪಣಿ

ಚೆಕ್ ಎಂಜಿನ್ ಲೈಟು ಬಂದಾಗ ಸ್ಕ್ಯಾನರ್ ಹಾಕಿದ್ರೆ ಸಿಗೋ ಕೋಡು, ಇಸಿಯುಗೆ (ಎಂಜಿನ್ ನಡೆಸೋ ಕಂಪ್ಯೂಟರಿಗೆ) ಯಾವ ರೀಡಿಂಗ್ ಸರಿ ಕಾಣ್ಲಿಲ್ಲ ಅಂತ ಹೇಳತ್ತೆ ಅಷ್ಟೇ, ಯಾವ ಪಾರ್ಟ್ ಹೋಗಿದೆ ಅಂತ ನಾವೇ ಹುಡುಕ್ಬೇಕು. ಇದು ಗೊತ್ತಿಲ್ದೆ, ಪಿ0171 ಅನ್ನೋ ಕೋಡು ಬಂದ ನಮ್ಮನೆ ಸೆಡಾನ್‌ಗೆ ಒಂದು ಗ್ಯಾರೇಜಲ್ಲಿ ಆಕ್ಸಿಜನ್ ಸೆನ್ಸರ್ ಹೊಸದು ಹಾಕ್ಸಿದ್ವಿ, ಒಂದು ವಾರದಲ್ಲಿ ಅದೇ ಪಿ0171 ವಾಪಸ್ ಬಂತು.

ನಮ್ಮ ದೇಶದಲ್ಲಿ ಬಿಎಸ್4 (ಭಾರತ್ ಸ್ಟೇಜ್ 4 ಹೊಗೆ ನಿಯಮದ) ಕಾರುಗಳಿಗೆ 2013ರ ಏಪ್ರಿಲ್‌ನಿಂದ ಓಬಿಡಿ-2, ಅಂದ್ರೆ ಕಾರು ತನ್ನ ದೋಷ ತಾನೇ ಗುರುತಿಸಿ ಕೋಡು ಹಾಕೋ ವ್ಯವಸ್ಥೆ, ಕಡ್ಡಾಯ ಆಯ್ತು, ಹಾಗಾಗಿ ಆಮೇಲಿನ ಕಾರಲ್ಲಿ ಸ್ಟೇರಿಂಗ್ ಕೆಳಗಡೆ ಕೈ ಹಾಕಿದ್ರೆ 16 ಪಿನ್ ಸಾಕೆಟ್ ಸಿಗತ್ತೆ. ಕೋಡಿನ ಮೊದಲ ಅಕ್ಷರ ಪಿ ಇದ್ರೆ ಎಂಜಿನ್-ಗೇರ್‌ಬಾಕ್ಸ್, ಬಿ ಅಂದ್ರೆ ಬಾಡಿ, ಸಿ ಅಂದ್ರೆ ಎಬಿಎಸ್ ಥರದ ಚಾಸಿ ವಿಷಯ, ಯು ಅಂದ್ರೆ ಇಸಿಯುಗಳ ನಡುವಿನ ವೈರಿಂಗ್, ಮಾತುಕತೆ. ಮುಂದಿನ ಅಂಕಿ 0 ಇದ್ರೆ ಎಲ್ಲ ಕಂಪನಿಗೂ ಒಂದೇ ಅರ್ಥ, 1 ಇದ್ರೆ ಆ ಕಂಪನಿಯವರದ್ದೇ ಕೋಡು, ಅದಕ್ಕೆ ಮೊಬೈಲ್ ಆ್ಯಪ್ ಕೊಡೋ ಅರ್ಥ ನಂಬೋಕೆ ಹೋಗ್ಬೇಡಿ. ಮೂರನೇದು 1 ಅಥವಾ 2 ಆದ್ರೆ ಗಾಳಿ-ಪೆಟ್ರೋಲು, 3 ಆದ್ರೆ ಇಗ್ನಿಷನ್, 4 ಆದ್ರೆ ಹೊಗೆ ನಿಯಂತ್ರಣ.

ಈಗ ಪಿ0171ಗೆ ಬರೋಣ, ಇದನ್ನ ಅರ್ಥ ಮಾಡ್ಕೊಂಡ್ರೆ ಅರ್ಧ ಕೆಲಸ ಕಲಿತಂಗೆ. ಪೆಟ್ರೋಲ್ ಎಂಜಿನ್‌ಗೆ 1 ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು, ಹೊಗೇಲಿ ಆಕ್ಸಿಜನ್ ಜಾಸ್ತಿ ಉಳಿದಿದೆ ಅಂತ ಹೊಗೆ ಪೈಪಲ್ಲಿ ಮುಂದಿರೋ ಆಕ್ಸಿಜನ್ ಸೆನ್ಸರ್ ಹೇಳಿದ್ರೆ ಇಸಿಯು ಪೆಟ್ರೋಲ್ ಹೆಚ್ಚಿಸ್ತಾ ಹೋಗತ್ತೆ, ಹೆಚ್ಚಿಸಿ ಹೆಚ್ಚಿಸಿ ತನ್ನ ಮಿತಿ ಮುಟ್ಟಿದಾಗ 'ಮಿಶ್ರಣ ತೆಳು' (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ) ಅಂತ ಈ ಕೋಡು ಹಾಕತ್ತೆ. ಅಂದ್ರೆ ಸೆನ್ಸರ್ ತನ್ನ ಕೆಲಸ ಸರಿಯಾಗೇ ಮಾಡಿರಬಹುದು! ಸ್ಕ್ಯಾನರಿನ ಲೈವ್ ಡೇಟಾದಲ್ಲಿ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ತೆಗೀರಿ, ಇಸಿಯು ಪೆಟ್ರೋಲನ್ನ ಶೇಕಡಾ ಎಷ್ಟು ಹೆಚ್ಚುಕಮ್ಮಿ ಮಾಡ್ತಿದೆ ಅಂತ ಅದು ತೋರ್ಸತ್ತೆ. ನಮ್ಮ ಕಾರಲ್ಲಿ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ನೆ ಓಡ್ತಿರುವಾಗ) +21 ಇತ್ತು, 2500 ಆರ್‌ಪಿಎಂನಲ್ಲಿ ಹಿಡಿದ್ರೆ +5ಕ್ಕೆ ಇಳೀತು. ಇದು ವ್ಯಾಕ್ಯೂಮ್ ಲೀಕ್‌ನ (ಹೋಸು, ಗ್ಯಾಸ್ಕೆಟ್ ಸಂದಿಯಿಂದ ಗಾಳಿ ಒಳಗೆ ನುಗ್ಗೋದರ) ಗುರುತು, ಯಾಕಂದ್ರೆ ಐಡಲ್‌ನಲ್ಲಿ ಗಾಳಿ ಬಿಡೋ ಬಾಗಿಲಾದ ಥ್ರಾಟಲ್ ಹೆಚ್ಚುಕಮ್ಮಿ ಮುಚ್ಚಿರತ್ತೆ, ಒಳಗೆ ಎಳೆತ ಜೋರು, ಎಂಜಿನ್ ಕುಡಿಯೋ ಗಾಳೀನೂ ಕಮ್ಮಿ, ಅದರಲ್ಲಿ ಕಳ್ಳದಾರೀಲಿ ಬರೋ ಗಾಳಿ ಪಾಲು ದೊಡ್ಡದಾಗತ್ತೆ. ಉಲ್ಟಾ, ಆಕ್ಸಿಲರೇಟರ್ ಒತ್ತಿದಾಗ ಟ್ರಿಮ್ ಏರಿದ್ರೆ ಫ್ಯೂಯಲ್ ಪಂಪು, ಫಿಲ್ಟರ್, ಇಲ್ಲ ಕೊಳೆಯಾದ ಏರ್ ಫ್ಲೋ ಸೆನ್ಸರ್ ನೋಡಿ. ನಮ್ಮದ್ರಲ್ಲಿ ಪಿಸಿವಿ ಹೋಸು (ಎಂಜಿನ್ ಒಳಗಿನ ಆವಿಯನ್ನ ವಾಪಸ್ ಗಾಳಿ ದಾರಿಗೆ ಎಳೆಯೋ ರಬ್ಬರ್ ಪೈಪು) ಮೇಲಿಂದ ನೋಡಿದ್ರೆ ಚೆನ್ನಾಗೇ ಇತ್ತು, ಎಂಜಿನ್ ಆರಿದ ಮೇಲೆ ಬೆರಳಲ್ಲಿ ಬಗ್ಗಿಸಿದಾಗ ಅಡಿಭಾಗ ಉಗುರಿನಷ್ಟು ಉದ್ದ ಬಾಯಿ ಬಿಡ್ತು.

ಪಿ0300 ಅಂದ್ರೆ ಮಿಸ್‌ಫೈರ್ (ಸಿಲಿಂಡರಲ್ಲಿ ಪೆಟ್ರೋಲ್ ಸರಿಯಾಗಿ ಹತ್ತಿಕೊಳ್ಳದೆ ಇರೋದು) ಅಲ್ಲಲ್ಲಿ ಆಗ್ತಿದೆ, ಪಿ0301 ಅಂದ್ರೆ ಒಂದನೇ ಸಿಲಿಂಡರ್. ಪ್ರತಿ ಪ್ಲಗ್ಗಿಗೂ ಕಿಡಿ ಕೊಡೋ ಕಾಯಿಲ್ ಬೇರೆ ಬೇರೆ ಇದ್ರೆ ದುಡ್ಡು ಖರ್ಚಿಲ್ಲದ ಪರೀಕ್ಷೆ ಇದೆ, ಒಂದನೇದರ ಕಾಯಿಲ್ ತೆಗೆದು ಮೂರನೇದಕ್ಕೆ ಹಾಕಿ, ಕೋಡು ಪಿ0303 ಆದ್ರೆ ಕಾಯಿಲ್ಲೇ ಕಳ್ಳ, ಇಲ್ಲಾಂದ್ರೆ ಪ್ಲಗ್ಗು, ಇಂಜೆಕ್ಟರ್, ಕಂಪ್ರೆಷನ್ ಕಡೆ ಹೋಗಿ. ಲೈಟು ಮಿಣುಕ್ತಾ ಇದ್ರೆ ಮಾತ್ರ ದಯವಿಟ್ಟು ಗಾಡಿ ಸೈಡಿಗೆ ಹಾಕಿ, ಉರಿಯದ ಪೆಟ್ರೋಲು ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿದು ಅದನ್ನೇ ಹಾಳು ಮಾಡತ್ತೆ.

ಪಿ0420 ಆ ಕನ್ವರ್ಟರ್ ಕೋಡೇ, ಆದ್ರೆ ದುಬಾರಿ ಪಾರ್ಟು, ಆತುರ ಬೇಡ. ಮಾಮೂಲಿ ಜಿರ್ಕೋನಿಯಾ ಆಕ್ಸಿಜನ್ ಸೆನ್ಸರ್ ಆದ್ರೆ ಕನ್ವರ್ಟರ್ ಮುಂದಿನದು 0.1ರಿಂದ 0.9 ವೋಲ್ಟ್ ನಡುವೆ ಓಡಾಡ್ತಿರತ್ತೆ, ಹಿಂದಿನದು ಹೆಚ್ಚುಕಮ್ಮಿ ಒಂದೇ ಕಡೆ ನಿಂತಿರ್ಬೇಕು, ಅದೂ ಕುಣೀತಿದ್ರೆ ಅನುಮಾನ ಪಡಿ. ಮೊದಲು ಸೈಲೆನ್ಸರ್ ಪೈಪಲ್ಲಿ ಲೀಕ್ ಇದ್ಯಾ, ಮಿಸ್‌ಫೈರ್ ಕೋಡೂ ಜೊತೆಗಿದ್ಯಾ ನೋಡಿ.

ಕೋಡು ಅಳಿಸೋ ಮುಂಚೆ ಫ್ರೀಜ್ ಫ್ರೇಮ್ ಬರ್ಕೊಳ್ಳಿ, ಕೋಡು ಬಿದ್ದ ಕ್ಷಣದ ಆರ್‌ಪಿಎಂ, ಸ್ಪೀಡು, ಎಂಜಿನ್ ಬಿಸಿ ಎಲ್ಲ ಅಲ್ಲಿರತ್ತೆ, ಇರೇಸ್ ಒತ್ತಿದ್ರೆ ಅದೂ ಹೋಗತ್ತೆ. ಹೋಸು ಬದಲಾಯಿಸಿ, ಕೋಡು ಅಳಿಸಿ, ನಾಲ್ಕು ದಿನ ಓಡಿಸಿ ಮತ್ತೆ ಸ್ಕ್ಯಾನರ್ ಹಾಕಿದಾಗ ನಮ್ಮ ಕಾರಲ್ಲಿ ಐಡಲ್ ಟ್ರಿಮ್ +3ಕ್ಕೆ ಬಂದಿತ್ತು.