ಡೈನಾಮಿಕ್ ಕಾನ್ಫಿಗರೇಶನ್: ಏನನ್ನು ಮುರಿಯದೆ, ಎಷ್ಟು ಹೊತ್ತಿನಲ್ಲಿ?

‘ಸೈಕ್ಲೋಹೆಕ್ಸೇನ್‌ಗೆ ಡೈನಾಮಿಕ್ ಕಾನ್ಫಿಗರೇಶನ್ ಇದೆ’ ಎಂಬಂಥ ಸಾಲು ಬಿಎಸ್ಸಿ ನೋಟ್ಸ್‌ಗಳಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಅತ್ತ ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಮಾತ್ರ ಜಾರಿಗೆ ಬರುವ ಸೆಟ್ಟಿಂಗ್‌ಗೂ ಇದೇ ಹೆಸರು. ಎರಡೂ ತಪ್ಪು. ಬದಲಾಗುವುದನ್ನೆಲ್ಲ ಡೈನಾಮಿಕ್ ಅಂದುಬಿಟ್ಟರೆ ಆ ಪದಕ್ಕೆ ಕೆಲಸವೇ ಉಳಿಯುವುದಿಲ್ಲ. ಏನನ್ನು ಮುರಿಯದೆ ಬದಲಾಗುತ್ತದೆ, ಎಷ್ಟು ಹೊತ್ತಿನಲ್ಲಿ ಬದಲಾಗುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಇದ್ದರೆ ಮಾತ್ರ ಅದಕ್ಕೆ ಅರ್ಥ.

ಗೊಂದಲಕ್ಕೆ ಒಂದು ನಿಜವಾದ ಕಾರಣವೂ ಇದೆ. ಕಾನ್ಫಿಗರೇಶನ್ ಎಂಬ ಪದ ಎರಡು ಕ್ಷೇತ್ರಗಳಲ್ಲಿ ತದ್ವಿರುದ್ಧ ದಿಕ್ಕಿಗೆ ಹೋಗಿದೆ. ಅಣುವಿನ ಆಕಾರದ ಮಾತು ಬಂದಾಗ, ರಾಸಾಯನಿಕ ಬಂಧ ಕಡಿಯದೆ ಬದಲಾಗದ ಜೋಡಣೆ ಕಾನ್ಫಿಗರೇಶನ್. ಒಂಟಿ ಬಂಧದ ಸುತ್ತ ತಿರುಗಿ ಸುಲಭವಾಗಿ ಬದಲಾಗುವ ಭಂಗಿ ಕಾನ್ಫರ್ಮೇಶನ್. ಸಾಫ್ಟ್‌ವೇರ್‌ನಲ್ಲಿ ಕೋಡ್ ಮುಟ್ಟದೆ, ಮತ್ತೆ ಬಿಲ್ಡ್ ಮಾಡದೆ ಬದಲಾಯಿಸಬಹುದಾದ ಭಾಗವೇ ಕಾನ್ಫಿಗರೇಶನ್. ಅಂದರೆ ಎಂಜಿನಿಯರ್ ಕಾನ್ಫಿಗರೇಶನ್ ಅನ್ನುವುದು ರಸಾಯನಶಾಸ್ತ್ರಜ್ಞರ ಕಾನ್ಫರ್ಮೇಶನ್‌ಗೆ ಹತ್ತಿರ. ಎಲೆಕ್ಟ್ರಾನ್ ವಿನ್ಯಾಸಕ್ಕೂ ಇಂಗ್ಲಿಷಿನಲ್ಲಿ ಇದೇ ಪದ. ಅದರ ಕಥೆ ಬೇರೆ, ಇಲ್ಲಿ ಬೆರೆಸಬೇಡಿ.

ಆರು ಇಂಗಾಲಗಳ ಉಂಗುರವಾದ ಸೈಕ್ಲೋಹೆಕ್ಸೇನ್ ಕುರ್ಚಿಯಾಕಾರದಿಂದ ಇನ್ನೊಂದು ಕುರ್ಚಿಯಾಕಾರಕ್ಕೆ ಮಗುಚುವುದಕ್ಕೆ ಇರುವ ತಡೆ, ಅಂದರೆ ದಾಟಬೇಕಾದ ಶಕ್ತಿಯ ದಿಬ್ಬ, ಮೋಲ್‌ಗೆ ಸುಮಾರು 45 ಕಿಲೋಜೂಲ್. ಕೋಣೆಯ ಉಷ್ಣತೆಯಲ್ಲಿ ಒಂದು ಅಣು ಸೆಕೆಂಡಿಗೆ ಲಕ್ಷದ ಆಸುಪಾಸು ಸಲ ಮಗುಚಿಕೊಳ್ಳುತ್ತದೆ. ಒಂದು ಬಂಧವೂ ಕಡಿಯುವುದಿಲ್ಲ, ಹಾಗಾಗಿ ಇದು ಕಾನ್ಫರ್ಮೇಶನ್. ಹೈಡ್ರೋಜನ್‌ಗಳನ್ನು ಅವುಗಳ ಸುತ್ತಲಿನ ಪರಿಸರದಿಂದ ಗುರುತಿಸುವ ಪ್ರೋಟಾನ್ ಎನ್‌ಎಂಆರ್‌ಗೆ ಈ ವೇಗದಲ್ಲಿ ಸರಾಸರಿಯಷ್ಟೇ ಕಾಣುತ್ತದೆ: ಹನ್ನೆರಡು ಹೈಡ್ರೋಜನ್‌ಗಳೂ ಸೇರಿ 1.4 ಪಿಪಿಎಂ ಹತ್ತಿರ ಒಂದೇ ಗೆರೆ ಕೊಡುತ್ತವೆ. ಮಾದರಿಯನ್ನು ಮೈನಸ್ 100 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ: ಉಂಗುರದ ಮೇಲಕ್ಕೋ ಕೆಳಕ್ಕೋ ನಿಂತ ಅಕ್ಷೀಯ ಹೈಡ್ರೋಜನ್‌ಗಳು ಬೇರೆ, ಅಂಚಿನಿಂದ ಹೊರಚಾಚಿದ ಸಮಭಾಜಕದವು ಬೇರೆ ಎಂದು ಕಾಣತೊಡಗುತ್ತವೆ. ಅಣು ಅದೇ, ತಡೆಯೂ ಅದೇ. ಬದಲಾದದ್ದು ಉಷ್ಣತೆ ಮತ್ತು ಅದರಿಂದ ಮಗುಚುವ ವೇಗ. ಹೀಗಾಗಿ ಉಷ್ಣತೆ ಹೇಳದೆ, ಯಾವ ಉಪಕರಣದಿಂದ ನೋಡಿದ್ದು ಎನ್ನದೆ ‘ಈ ಅಣು ಡೈನಾಮಿಕ್’ ಎಂದು ಬರೆದರೆ ಏನನ್ನೂ ಹೇಳಿದಂತಾಗುವುದಿಲ್ಲ.

ಲೆಕ್ಕ ಹಾಕಲು ಒಂದು ಅಳತೆಗೋಲು ನೆನಪಿಟ್ಟುಕೊಳ್ಳಿ. 25 ಡಿಗ್ರಿಯಲ್ಲಿ ತಡೆ 5.7 ಕಿಲೋಜೂಲ್ ಏರಿದರೆ ವೇಗ ಹತ್ತು ಪಟ್ಟು ಇಳಿಯುತ್ತದೆ. 45ರಿಂದ ಶುರು ಮಾಡಿ 93ರ ಸುಮಾರಿಗೆ ಬರುವಷ್ಟರಲ್ಲಿ, ಸೆಕೆಂಡಿಗೆ ಲಕ್ಷ ಸಲ ನಡೆಯುತ್ತಿದ್ದದ್ದು ಅರ್ಧದಷ್ಟು ಅಣುಗಳಲ್ಲಿ ನಡೆಯಲು ಒಂದೆರಡು ಸಾವಿರ ಸೆಕೆಂಡು ಬೇಕಾಗುತ್ತದೆ. ಒಂಟಿ ಬಂಧದ ತಿರುಗುವಿಕೆ ಇಷ್ಟು ನಿಧಾನವಾದಾಗ ಆ ಎರಡು ರೂಪಗಳನ್ನು ಬೇರ್ಪಡಿಸಬಹುದು, ತಡೆ ಇನ್ನೂ ಸಾಕಷ್ಟು ಏರಿದರೆ ಬೇರೆ ಬೇರೆ ಬಾಟಲಿಯಲ್ಲಿ ಇಡಬಹುದು. ಅವಕ್ಕೆ ಅಟ್ರೋಪಿಸೋಮರ್ ಎಂಬ ಹೆಸರೂ ಇದೆ. ಶ್ವಾಸಕೋಶದ ಕ್ಯಾನ್ಸರ್‌ಗೆ ಕೊಡುವ ಸೊಟೊರಾಸಿಬ್ ಹೀಗೆ ಎತ್ತರದ ತಡೆಯಿರುವ, ಒಂದೇ ರೂಪದ ಔಷಧ. ತಡೆ ಅಷ್ಟು ಎತ್ತರವಿಲ್ಲದ, ನಡುವಿನ ಮಟ್ಟದ ಅಣುಗಳು ಔಷಧ ಕಂಪನಿಗಳಿಗೆ ದೊಡ್ಡ ತಲೆನೋವು: ತಯಾರಿಸುವಾಗ ಶುದ್ಧ, ಕಪಾಟಿನಲ್ಲಿ ಇಟ್ಟ ಮೇಲೆ ಮಿಶ್ರಣ.

ಅಮೋನಿಯಾದ ವಿಷಯದಲ್ಲಿ ಗಡಿಯೇ ಮಸುಕಾಗುತ್ತದೆ. ಅದರ ಪಿರಮಿಡ್ ಒಳಹೊರಗಾಗಲು ತಡೆ 24 ಕಿಲೋಜೂಲ್ ಮಾತ್ರ, ಬಂಧ ಕಡಿಯಬೇಕಿಲ್ಲ. ಆದ್ದರಿಂದ ಮೂರು ಬೇರೆ ಬೇರೆ ಗುಂಪು ಹೊತ್ತ ಸಾಮಾನ್ಯ ಅಮೈನ್‌ನ ಎಡಗೈ, ಬಲಗೈ ರೂಪಗಳನ್ನು ಬೇರ್ಪಡಿಸಲು ಹೊರಟರೆ ಕೈಗೆ ಮಿಶ್ರಣವೇ ಬರುತ್ತದೆ. ಸಾರಜನಕದ ಜಾಗದಲ್ಲಿ ರಂಜಕ ಇಟ್ಟರೆ ತಡೆ 130 ಕಿಲೋಜೂಲ್‌ವರೆಗೆ ಏರುತ್ತದೆ, ರೂಪ ನಿಲ್ಲುತ್ತದೆ. ಪಾರ್ಕಿನ್ಸನ್ ಕಾಯಿಲೆಯ ಎಲ್-ಡೋಪಾ ತಯಾರಿಸಲು ರಸಾಯನಶಾಸ್ತ್ರಜ್ಞ ವಿಲಿಯಂ ನೋಲ್ಸ್ ಬಳಸಿದ, ಮುಂದೆ 2001ರ ನೊಬೆಲ್‌ಗೆ ದಾರಿಯಾದ ಫಾಸ್ಫೀನ್ (ರಂಜಕದ ಇಂಥ ಸಂಯುಕ್ತ) ಸಾಧ್ಯವಾದದ್ದೇ ಈ ಎತ್ತರದ ತಡೆಯಿಂದ.

ಕಾನ್ಫಿಗರೇಶನ್ ನಿಜಕ್ಕೂ ಡೈನಾಮಿಕ್ ಆಗಿರುವ ಉದಾಹರಣೆ ಬೇಕಿದ್ದರೆ ಥ್ಯಾಲಿಡೊಮೈಡ್ ತೆಗೆದುಕೊಳ್ಳಿ. ಗರ್ಭಿಣಿಯರು ಸೇವಿಸಿ ಸಾವಿರಾರು ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದ ಔಷಧವಿದು. ಅದರ ಕೈರಲ್ ಇಂಗಾಲದ (ಎಡಗೈ, ಬಲಗೈ ರೂಪಗಳನ್ನು ನಿರ್ಧರಿಸುವ ಇಂಗಾಲದ) ಮೇಲಿನ ಹೈಡ್ರೋಜನ್ ಆಮ್ಲೀಯ. ದೇಹದ ಪಿಎಚ್‌ನಲ್ಲಿ ಬಂಧ ಕಡಿದು ಮತ್ತೆ ಕೂಡುತ್ತದೆ. ‘ಒಳ್ಳೆಯ’ ರೂಪವನ್ನಷ್ಟೇ ಕೊಟ್ಟಿದ್ದರೆ ದುರಂತ ತಪ್ಪುತ್ತಿತ್ತು ಎಂದು ಈಗಲೂ ಬರೆಯುತ್ತಾರೆ. ಕೆಲವೇ ಗಂಟೆಗಳಲ್ಲಿ ಎರಡೂ ರೂಪ ರಕ್ತದಲ್ಲಿರುತ್ತವೆ. ಆ ವಾದ ನಿಲ್ಲುವುದಿಲ್ಲ.

ಇನ್ನು ಸಾಫ್ಟ್‌ವೇರ್. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ‘ವರ್ಕ್ ಮೆಮ್’ ಎಂಬ ಮೆಮೊರಿ ಮಿತಿಯ ಮೌಲ್ಯವನ್ನು ಓಡುತ್ತಿರುವ ಸೆಷನ್‌ನಲ್ಲೇ ಬದಲಾಯಿಸಬಹುದು. ‘ಶೇರ್ಡ್ ಬಫರ್ಸ್’ ಬದಲಾಗಲು ಡೇಟಾಬೇಸ್ ಸರ್ವರನ್ನೇ ಮರುಪ್ರಾರಂಭಿಸಬೇಕು. ಎರಡೂ ಇರುವುದು ಒಂದೇ ಕಡತದಲ್ಲಿ, ಡೈನಾಮಿಕ್ ಮಾತ್ರ ಮೊದಲನೆಯದು. ಪ್ರೋಗ್ರಾಂಗಳನ್ನು ಪಾಡ್ ಎಂಬ ಘಟಕಗಳಲ್ಲಿ ಓಡಿಸುವ ಕುಬರ್ನೆಟೀಸ್‌ನಲ್ಲಿ, ಸೆಟ್ಟಿಂಗ್‌ಗಳ ಕಾನ್ಫಿಗ್‌ಮ್ಯಾಪ್ ಅನ್ನು ವಾಲ್ಯೂಮ್ (ಕಡತಗಳ ಫೋಲ್ಡರ್) ಆಗಿ ಜೋಡಿಸಿದ್ದರೆ ಸ್ವಲ್ಪ ಹೊತ್ತಿನಲ್ಲಿ ಹೊಸ ಕಡತ ಬರುತ್ತದೆ. ಎನ್ವಿರಾನ್‌ಮೆಂಟ್ ವೇರಿಯಬಲ್ ಆಗಿ ಕೊಟ್ಟಿದ್ದರೆ ಪಾಡ್ ಹೊಸದಾಗಿ ಏಳುವವರೆಗೂ ಹಳೆಯದೇ ಗತಿ. ಹೊಸ ಕಡತ ಬಂದರೂ ಪ್ರೋಗ್ರಾಂ ಅದನ್ನು ಮತ್ತೆ ಓದದಿದ್ದರೆ ಪ್ರಯೋಜನವಿಲ್ಲ. ಹಾಗೆಯೇ ಜಾಲದಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಗುತ್ತಿಗೆಯ ಮೇಲೆ ಕೊಟ್ಟ ಡೈನಾಮಿಕ್ ಐಪಿ ಅಂದರೆ ದಿನಾ ಬದಲಾಗುವ ವಿಳಾಸವಲ್ಲ. ಗುತ್ತಿಗೆಯ ಅರ್ಧ ಅವಧಿಗೆ ನವೀಕರಣ ಕೇಳುತ್ತಾ ಅದೇ ವಿಳಾಸ ತಿಂಗಳುಗಟ್ಟಲೆ ಉಳಿಯಬಹುದು.

ಕೋಡ್ ಬದಲಾಗಿಲ್ಲವಲ್ಲ, ಬರೀ ಕಾನ್ಫಿಗ್ ತಾನೇ ಎಂಬ ಧೈರ್ಯ ಅಪಾಯಕಾರಿ. 2024ರ ಜುಲೈ 19ರಂದು ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್ ಕಳಿಸಿದ್ದು ಹೊಸ ಕೋಡ್ ಅಲ್ಲ, ಒಂದು ಡೇಟಾ ಕಡತ. ಅದು 21ನೇ ಮಾಹಿತಿ ಕ್ಷೇತ್ರವನ್ನು ಕೇಳಿತು, ಯಂತ್ರದಲ್ಲಿದ್ದ ಆ ಕಂಪನಿಯ ಪ್ರೋಗ್ರಾಂ (ಸೆನ್ಸರ್) ಕೊಡುತ್ತಿದ್ದದ್ದು 20. ಇಲ್ಲದ ಜಾಗವನ್ನು ಓದಲು ಹೋಗಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು.

ವೆಬ್ ಸರ್ವರ್ ಎನ್‌ಜಿನ್‌ಎಕ್ಸ್ ಕಾನ್ಫಿಗ್ ಬದಲಾವಣೆಯನ್ನು ಸರಿಯಾಗಿ ಮಾಡುತ್ತದೆ. ರೀಲೋಡ್ ಸೂಚನೆ ಬಂದಾಗ ಮುಖ್ಯ ಪ್ರೊಸೆಸ್ ಹೊಸ ಕಡತವನ್ನು ಮೊದಲು ಪರೀಕ್ಷಿಸುತ್ತದೆ. ತಪ್ಪಿದ್ದರೆ ಹಳೆಯದರಲ್ಲೇ ಮುಂದುವರಿಯುತ್ತದೆ. ಸರಿಯಿದ್ದರೆ ಹೊಸ ವರ್ಕರ್‌ಗಳನ್ನು (ಸಂಪರ್ಕ ನಿಭಾಯಿಸುವ ಪ್ರೊಸೆಸ್‌ಗಳನ್ನು) ಎಬ್ಬಿಸಿ, ಹಳೆಯವಕ್ಕೆ ಕೈಯಲ್ಲಿರುವ ಸಂಪರ್ಕ ಮುಗಿಸಿ ಹೋಗಲು ಹೇಳುತ್ತದೆ. ಆದರೆ ವೆಬ್‌ಸಾಕೆಟ್‌ನಂಥ ದೀರ್ಘ ಸಂಪರ್ಕಗಳಿದ್ದರೆ ಹಳೆಯ ವರ್ಕರ್ ಗಂಟೆಗಟ್ಟಲೆ ಹಳೆಯ ನಿಯಮಗಳಲ್ಲೇ ಬದುಕಿರುತ್ತದೆ. ಅಷ್ಟು ಹೊತ್ತು ಒಂದೇ ಯಂತ್ರದಲ್ಲಿ ಎರಡು ಕಾನ್ಫಿಗರೇಶನ್ ಓಡುತ್ತಿರುತ್ತವೆ. ಅದು ಬೇಡವಾದರೆ ‘ವರ್ಕರ್ ಶಟ್‌ಡೌನ್ ಟೈಮ್‌ಔಟ್’ ನಿಗದಿ ಮಾಡಿ, ಮತ್ತು ನಿಮ್ಮ ದಾಖಲೆಯಲ್ಲಿ ‘ಡೈನಾಮಿಕ್’ ಎಂಬ ಪದದ ಪಕ್ಕ ಆ ಅವಧಿಯನ್ನೂ ಬರೆಯಿರಿ.